ಕ್ಯಾಮೆರಾ ಯಾರ ಪಕ್ಕ ನಿಲ್ಲುತ್ತದೆ

ಹಿಂದಿಯ ‘ಪಡೋಸನ್’ (1968) ಚಿತ್ರದಲ್ಲಿ ಮೆಹಮೂದ್ ಅವರದು ದಕ್ಷಿಣದ ಸಂಗೀತ ಮೇಷ್ಟ್ರ ಪಾತ್ರ. ತಲೆಗೆ ಜುಟ್ಟು, ಸೊಂಟಕ್ಕೆ ಪಂಚೆ, ಬಾಯಲ್ಲಿ ಮುರುಕು ಹಿಂದಿ. ಹಾಡಿನ ಸ್ಪರ್ಧೆಯ ದೃಶ್ಯದಲ್ಲಿ ನಿಜವಾಗಿ ಸಂಗೀತ ಬಲ್ಲವರು ಈ ಮೇಷ್ಟ್ರೇ. ಎದುರಿನ ಕಿಟಕಿಯಲ್ಲಿರುವ ನಾಯಕ ಬರೀ ತುಟಿ ಆಡಿಸುತ್ತಾನೆ, ಮರೆಯಲ್ಲಿ ಕೂತು ಹಾಡುವವನು ಬೇರೆ. ಆದರೂ ನಗೆಪಾಟಲಾಗುವುದು ಮೇಷ್ಟ್ರು, ಏಕೆಂದರೆ ಕ್ಯಾಮೆರಾಕ್ಕೆ ಅವರ ವಿದ್ಯೆಗಿಂತ ಹುಬ್ಬು, ಕಣ್ಣು, ಕೊರಳಿನ ಚೇಷ್ಟೆಯೇ ಮುಖ್ಯ. ಮೆಹಮೂದ್ ನಟನೆ ಅದ್ಭುತ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ದೆಹಲಿ, ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗ ಬಹುಕಾಲ ‘ಮದ್ರಾಸಿ’ಯಾಗಿಯೇ ಉಳಿದದ್ದರಲ್ಲಿ ಇಂಥ ಪಾತ್ರಗಳ ಪಾಲೂ ಇದೆ.

ಒಂದು ಸಮುದಾಯದವರು ತೆರೆಯ ಮೇಲೆ ಅಪರೂಪವಾದಷ್ಟೂ ಅಲ್ಲಿ ಕಾಣುವ ಒಬ್ಬನ ತಲೆಯ ಮೇಲಿನ ಹೊರೆ ಹೆಚ್ಚು. ನಾಯಕನ ನೆರೆಯವನು ಜಿಪುಣನಾದರೆ ಅದು ಅವನ ಸ್ವಭಾವ. ಇಡೀ ಚಿತ್ರಕ್ಕೆ ಒಬ್ಬನೇ ಇರುವ ಸೇಟು ಜಿಪುಣನಾದರೆ ಅದು ಸೇಟುಗಳೆಲ್ಲರ ಗುಣ. ಈ ವಿಷಯದಲ್ಲಿ ಕನ್ನಡ ಚಿತ್ರರಂಗವೂ ಸಾಚಾ ಅಲ್ಲ. ಬೆಂಗಳೂರು–ಮೈಸೂರು ಕಡೆಯ ಕನ್ನಡದಲ್ಲಿ ನಾಯಕ ಪ್ರೀತಿಸುತ್ತಾನೆ, ಅಳುತ್ತಾನೆ, ತತ್ವ ಹೇಳುತ್ತಾನೆ. ಧಾರವಾಡ, ಕಲಬುರಗಿಯ ಮಾತು ಮಾತ್ರ ಎಷ್ಟೋ ಚಿತ್ರಗಳಲ್ಲಿ ನಗಿಸುವವರ ಬಾಯಿಗೇ ಮೀಸಲಾಗಿತ್ತು.

ಪಾತ್ರ ಏನು ಹೇಳುತ್ತದೆ ಎಂಬುದು ಚಿತ್ರಕಥೆಯ ಕೆಲಸ. ಅದನ್ನು ಪ್ರೇಕ್ಷಕ ಯಾರ ಪಕ್ಕ ನಿಂತು ಕೇಳುತ್ತಾನೆ ಎಂಬುದನ್ನು ತೀರ್ಮಾನಿಸುವುದು ಕ್ಯಾಮೆರಾ. ಕೆಳಗಿನಿಂದ ತೆಗೆದರೆ ಮನುಷ್ಯ ದೊಡ್ಡವನಾಗುತ್ತಾನೆ, ಮೇಲಿನಿಂದ ತೆಗೆದರೆ ಕುಗ್ಗುತ್ತಾನೆ ಎಂಬುದು ಎಲ್ಲರೂ ಬಲ್ಲ ಪಾಠ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಕ್ಲೋಸ್‌ಅಪ್ ಯಾರಿಗೆ ಸಿಗುತ್ತದೆ, ಯಾರು ಗುಂಪಾಗಿಯೇ ಉಳಿಯುತ್ತಾರೆ ಎಂಬುದು. ‘ಬಂಗಾರದ ಮನುಷ್ಯ’ (1972) ಚಿತ್ರದ ಬಂಡೆ ಒಡೆಯುವ ಹಾಡಿನಲ್ಲಿ ರಾಜ್‌ಕುಮಾರ್ ಅವರ ಮುಖದ ಛಲ ನೆನಪಿಲ್ಲದವರಿಲ್ಲ. ಜೊತೆಗೆ ಬೆವರು ಸುರಿಸಿದ ಕೂಲಿಯಾಳುಗಳಲ್ಲಿ ಒಬ್ಬನ ಮುಖವಾದರೂ ನೆನಪಿದೆಯೇ? ಮೂರೇ ವರ್ಷಕ್ಕೆ ಬಂದ ಬಿ.ವಿ. ಕಾರಂತರ ‘ಚೋಮನ ದುಡಿ’ (1975) ಅಂಥ ಕೂಲಿಯೊಬ್ಬನನ್ನು ಚೌಕಟ್ಟಿನ ನಡುವೆ ತಂದಿತು. ಶಿವರಾಮ ಕಾರಂತರ ಕಾದಂಬರಿಯ ಚೋಮನಿಗೆ ಬೇಕಾದದ್ದು ಉಳಲು ಒಂದು ತುಂಡು ಭೂಮಿ. ಅದು ಅವನ ಜಾತಿಗೆ ಸಲ್ಲದ್ದು. ಚೋಮನಾದ ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟನ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ ಬಂದವು.

ಆ ಚಿತ್ರದ ಛಾಯಾಗ್ರಾಹಕ ಎಸ್. ರಾಮಚಂದ್ರ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೂ (1977) ಅವರದೇ ಕ್ಯಾಮೆರಾ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಕಪ್ಪು–ಬಿಳುಪು ಚಿತ್ರದಲ್ಲಿ ಯಮುನಕ್ಕ ಬಾಲವಿಧವೆ. ಅವಳ ತಂದೆ ಉಡುಪರು ವೇದಪಾಠ ಹೇಳುವವರು, ಅಲ್ಲಿಗೆ ಕಲಿಯಲು ಬಂದ ಹುಡುಗ ನಾಣಿ. ಊರು ಯಮುನಕ್ಕನ ಬಸುರನ್ನು ಪಾಪವಾಗಿ ಕಂಡರೆ, ಚಿತ್ರ ಅವಳನ್ನು ನಾಣಿಯ ಕಣ್ಣಿನಿಂದ ಕಾಣುತ್ತದೆ. ಹುಡುಗನಿಗೆ ಶಾಸ್ತ್ರ ಇನ್ನೂ ಬಾಯಿಪಾಠವಷ್ಟೇ ಆದ್ದರಿಂದ ಅವನ ನೋಟದಲ್ಲಿ ತೀರ್ಪಿಲ್ಲ. ಕೊನೆಗೆ ತಲೆ ಬೋಳಿಸಿಕೊಂಡು ಒಬ್ಬಳೇ ಮರದಡಿ ಕೂತ ಯಮುನಕ್ಕ ಕಾಣುವುದೂ ಅಪ್ಪನ ಜೊತೆ ಊರಿಗೆ ಹೊರಟ ನಾಣಿಗೆ.

ಇಷ್ಟು ಸೂಕ್ಷ್ಮವಾದ ಚಿತ್ರದಲ್ಲೂ ಒಂದು ತೊಡಕಿದೆ. ಗರ್ಭ ತೆಗೆಸಲು ಯಮುನಕ್ಕನನ್ನು ಕರೆದೊಯ್ಯುವ ರಾತ್ರಿ, ಊರಾಚೆಯ ಕೇರಿಯ ಜನ ನಾಣಿಯ ಭಯದಲ್ಲಿ ಮೂಡಿದ ಹಾಗೆ ಮೂಡುತ್ತಾರೆ: ಬೆಂಕಿ, ಕುಣಿತ, ಕತ್ತಲು. ಅಗ್ರಹಾರದ ಹೆಣ್ಣಿಗೆ ಮುಖ ಕೊಟ್ಟ ಅದೇ ಕಣ್ಣು ಕೇರಿಯವರನ್ನು ಬರೀ ನೆರಳಾಗಿಸಿತು. ಹುಡುಗನ ಮನಸ್ಸಿಗೆ ಅದು ಸಹಜವೇ ಇರಬಹುದು. ಆದರೂ ಒಬ್ಬರ ಪಕ್ಕ ನಿಂತ ಕ್ಯಾಮೆರಾ ಇನ್ನೊಬ್ಬರಿಗೆ ಬೆನ್ನು ಹಾಕಿರುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಸಿಗುವುದು ಕಷ್ಟ.

ಕಾಸರವಳ್ಳಿ–ರಾಮಚಂದ್ರ ಜೋಡಿಯೇ 2008ರಲ್ಲಿ ‘ಗುಲಾಬಿ ಟಾಕೀಸ್’ ಮಾಡಿತು. ಉಮಾಶ್ರೀಯವರ ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಆದರೆ ಪ್ರೇಕ್ಷಕ ಅವಳನ್ನು ಮೊದಲು ಗುರುತಿಸುವುದು ಸಿನಿಮಾ ಹುಚ್ಚಿನವಳೆಂದು. ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಬಣ್ಣದ ಟಿ.ವಿ. ಊರ ಹೆಂಗಸರನ್ನು ಅವಳ ಮನೆಗೆ ಎಳೆದು ತರುತ್ತದೆ. ಕಾರ್ಗಿಲ್ ಯುದ್ಧದ ಹೊತ್ತಿನ ಮಾತುಗಳು ಊರನ್ನು ಒಡೆಯತೊಡಗಿದಾಗ ಅದೇ ಗುಲಾಬಿ ‘ಅವರವಳು’ ಆಗುತ್ತಾಳೆ. ಧರ್ಮ ಇಲ್ಲಿ ಅವಳ ವೇಷವಲ್ಲ, ಬೇರೆಯವರು ಅವಳಿಗೆ ಹಚ್ಚುವ ಚೀಟಿ. ಪಾತ್ರಪೋಷಣೆಯ ಈ ಕ್ರಮಕ್ಕೆ ನೂರು ಸೌಹಾರ್ದದ ಸಂಭಾಷಣೆಗಿಂತ ಹೆಚ್ಚು ತೂಕವಿದೆ.

ಯಾರನ್ನು ತೋರಿಸಲಾಗಿದೆ ಎಂಬುದರ ಜೊತೆಗೇ ಯಾರು ನಟಿಸಿದ್ದಾರೆ ಎಂಬ ಪ್ರಶ್ನೆಯೂ ಬರುತ್ತದೆ. ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಲಿಂಗಪರಿವರ್ತಿತ ಮಹಿಳೆಯ ಪಾತ್ರ ಮಾಡಿದ ನಟ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಅದು ಅರ್ಹ ಪ್ರಶಸ್ತಿ. ಆ ಸಮುದಾಯದವರೇ ಆ ಪಾತ್ರ ಮಾಡಬೇಕಿತ್ತು ಎಂಬ ವಾದವೂ ತಳ್ಳಿಹಾಕುವಂಥದಲ್ಲ. ರಾಮ್ ರೆಡ್ಡಿಯವರ ‘ತಿಥಿ’ (2015) ಇನ್ನೊಂದು ದಾರಿ ಹಿಡಿಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನಲ್ಲಿ ವೃತ್ತಿನಟರಲ್ಲದ ಹಳ್ಳಿಗರೇ ಅಭಿನಯಿಸಿದರು. ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ, ಗಡ್ಡಪ್ಪ ಬೀಡಿ ಸೇದುತ್ತಾ ಅಲೆಯುತ್ತಾನೆ. ಹಳ್ಳಿಯವನು ಮುಗ್ಧ ಎಂಬ ಸಿನಿಮಾದ ಹಳೆಯ ಸುಳ್ಳನ್ನು ಇವರಿಬ್ಬರೂ ಮುರಿಯುತ್ತಾರೆ.

ಹೊರನಾಡ ಕನ್ನಡಿಗರೂ ಹೀಗೆ ಚಿತ್ರಿತವಾದ ಒಂದು ಸಮುದಾಯವೇ. ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ! ಅಮೆರಿಕಾ!!’ (1997) ವಿದೇಶಕ್ಕೆ ಹೋದವನನ್ನು ದುಡ್ಡಿನ ಬೆನ್ನು ಹತ್ತಿದವನಾಗಿ, ಊರಲ್ಲಿ ಉಳಿದವನನ್ನು ಮಣ್ಣಿನ ಮಗನಾಗಿ ನಿಲ್ಲಿಸಿತು. ಆಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ವಿದೇಶವೆಂದರೆ ಹಾಡಿಗೊಂದು ಹಿನ್ನೆಲೆ ಮಾತ್ರ. ಕರಾವಳಿಯಿಂದ ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿದ ಹುಡುಗರ ಕಥೆಗೆ ಮಾತ್ರ ಕನ್ನಡದ ಕ್ಯಾಮೆರಾ ಹೆಚ್ಚಾಗಿ ತಿರುಗಿಲ್ಲ.