ಉಡಿ, ಆಯೇರಿ, ಕೌದಿ

ಲಗ್ನದ ಹಂಗಾಮು ಬಂತೆಂದರೆ ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಊರಲ್ಲಿ ಕೂಲಿ ನಂಬಿದ ಮನೆಗೆ ಆಯೇರಿಯದೇ, ಅಂದರೆ ಲಗ್ನದ ಮನೆಗೆ ಕೊಡುವ ಉಡುಗೊರೆಯದೇ ಚಿಂತೆ. ರೊಕ್ಕ ಸಾಲದಾದಾಗ ಕಡಿಮೆ ಬೆಲೆಯ ಸೀರೆ ಹುಡುಕುತ್ತೇವೆ. ಎಷ್ಟೋ ಸಲ ಅದನ್ನು ಯಾರೂ ಉಡುವುದಿಲ್ಲ, ಮತ್ತೊಂದು ಮನೆಯ ಆಯೇರಿಯಾಗಿ ಮುಂದೆ ಸಾಗುತ್ತದೆ. ಕೊಟ್ಟವರಿಗೆ ಖರ್ಚಾಯಿತು, ಪಡೆದವರಿಗೆ ಏನೂ ಮುಟ್ಟಲಿಲ್ಲ. ಅದೇ ನಮ್ಮ ಉಡಿ ತುಂಬುವ ಪದ್ಧತಿ ನೋಡಿ: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಕುಪ್ಪಸಕ್ಕೊಂದು ಗುಳೇದಗುಡ್ಡದ ಕಣ. ಎಲ್ಲವೂ ಬಳಕೆಗೆ ಬರುವಂಥವು. ಉಳ್ಳವರೂ ಇಲ್ಲದವರೂ ಅದನ್ನೇ ತುಂಬುತ್ತಾರೆ. ದಸರೆಯಲ್ಲಂತೂ ಬನ್ನಿಯ ಎಲೆಯನ್ನೇ ಬಂಗಾರವೆಂದು ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತೇವೆ.

ಆಯೇರಿಯನ್ನು ಬರೆದಿಡುತ್ತಾರಲ್ಲ, ಕಡಿಮೆ ಕೊಟ್ಟರೆ ಮರ್ಯಾದೆ ಉಳಿದೀತೇ ಎಂದು ಕೇಳಬಹುದು. ನ್ಯಾಯದ ಪ್ರಶ್ನೆ. ಬರೆದಿಟ್ಟ ಆಯೇರಿ ಲಗ್ನದ ಮನೆಯ ಭಾರ ಹೊರುವ ಕೈಗಡವಿದ್ದಂತೆ, ತೀರಿಸಲೇಬೇಕು. ಅದು ರೊಕ್ಕದಲ್ಲೇ ತೀರಲಿ. ಪ್ರೀತಿಯಿಂದ ಕೊಡುವ ಕಾಣಿಕೆಯ ಮಾತು ಬೇರೆ. ಅಲ್ಲಿ ಅಂಗಡಿಗಿಂತ ಮೊದಲು ಆ ಮನೆಯನ್ನು ನೋಡಬೇಕು. ಬಾಣಂತಿಯಿರುವ ಮನೆಗೆ, ಉಟ್ಟು ಮೆತ್ತಗಾದ ಹತ್ತಿಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಗಿಂತ ಒಳ್ಳೆಯದು ಯಾವ ಅಂಗಡಿಯಲ್ಲಿದೆ? ಕೂಲಿಗೆ ಹೋಗುವವಳಿಗೆ ಹೊಲಿಯುವ ಬಿಡುವೆಲ್ಲಿ ಎಂದರೆ, ಅದೂ ನಿಜ. ಒಬ್ಬಳಿಗೇ ಆಗದ ಕೆಲಸವದು. ಓಣಿಯ ನಾಲ್ವರು ಕೂಡಿ ಕೂತರೆ ಒಬ್ಬೊಬ್ಬರ ಪಾಲಿಗೆ ಬರುವುದು ಕೆಲವು ಸಂಜೆ ಮಾತ್ರ, ಮತ್ತು ಕಾಣಿಕೆ ನಾಲ್ಕೂ ಮನೆಯದಾಗುತ್ತದೆ.