ಕೋವಿಯ ಮೆತ್ತೆಗೆ ಹೊಸ ತೊಗಲು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ಕಾವ್ಯವನ್ನು ಬಿಟ್ಟು ಕೋವಿಯ ಮಾತನ್ನೆತ್ತಿದರೆ ತಮಗೆ ಅಚ್ಚರಿಯಾದೀತು. ‘ಕೈಕೆಲಸ’ ಎಂಬ ವಿಷಯವನ್ನು ಸಂಘದವರು ನಮಗೆ ಒಪ್ಪಿಸಿದಾಗ, ಈಚೆಗೆ ನಾವು ಕಣ್ಣಾರೆ ಕಂಡ ಒಂದು ಸಣ್ಣ ಕೆಲಸವೇ ನೆನಪಿಗೆ ಬಂದಿತು. ಅದನ್ನೇ ತಮ್ಮಲ್ಲಿ ನಿವೇದಿಸುತ್ತೇವೆ.

ಹಂದಿ ಮಂಗಗಳ ಕಾಟಕ್ಕಾಗಿ ಪರವಾನಗಿಯ ಕೋವಿಯನ್ನಿಟ್ಟುಕೊಂಡ ಕೃಷಿಕರ ಮನೆಗಳು ನಮ್ಮ ಕಾಸರಗೋಡು ಸೀಮೆಯಲ್ಲಿ ಇಂದಿಗೂ ಇವೆ. ಅಂಥ ಒಂದು ಮನೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದಲ್ಲಿ ತಯಾರಾದ ಹಳೆಯ ಜೋಡುನಳಿಗೆಯ ತೋಟೆಕೋವಿಯೊಂದಿದೆ. 1813ರಲ್ಲಿ ಸ್ಥಾಪಿತವಾದ ಅಲ್ಲಿನ ಪರೀಕ್ಷಾಶಾಲೆಯ ಮುದ್ರೆ ನಳಿಗೆಯ ಮೇಲೆ ಇನ್ನೂ ಮಾಸಿಲ್ಲ. ಆದರೆ ಬುಡದ ಮೆತ್ತೆಗೆ ಹೊದಿಸಿದ್ದ ತೊಗಲು ಹರಿದು ಚಿಂದಿಯಾಗಿತ್ತು.

ಈಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವುದು ಸರ್ವವಿದಿತ. ಕ್ರಿಯೆಗೆ ಸಮನಾದ ವಿರುದ್ಧ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ 1687ರಲ್ಲಿ ಸಾರಿದ ನಿಯಮವೇ ಇದು. ಸುಮಾರು 30 ಗ್ರಾಂ ಚರೆ ಮುಂದಕ್ಕೆ ಚಿಮ್ಮುವಾಗ ಸುಮಾರು 3 ಕಿಲೋಗ್ರಾಂ ತೂಕದ ಕೋವಿ ಭುಜವನ್ನು ತಳ್ಳುತ್ತದೆ. ಆ ಒದೆತವನ್ನು ತಗ್ಗಿಸಲು ರಬ್ಬರಿನ ಮೆತ್ತೆ. ಬರಿಯ ರಬ್ಬರು ಉಡುಪಿಗೆ ಸಿಕ್ಕಿಕೊಳ್ಳುವುದರಿಂದ ಇಂಗ್ಲೆಂಡಿನ ಕುಶಲಿಗರು ಅದರ ಮೇಲೆ ಹಂದಿಯ ಅಥವಾ ಆಡಿನ ತೆಳುದೊಗಲನ್ನು ಹೊದಿಸುತ್ತಿದ್ದರು. ನಯವಾದ ತೊಗಲು ಸಲೀಸಾಗಿ ಭುಜಕ್ಕೆ ಜಾರಿ ಕೂರುತ್ತದೆ. ಬೆವರು, ಎಣ್ಣೆಗಳಿಂದ ರಬ್ಬರನ್ನೂ ಕಾಯುತ್ತದೆ.

ಪೇಟೆಯಲ್ಲಿ ಯಾರೋ ಒಬ್ಬರು, “ದಪ್ಪನೆಯ ಹೊಸ ಮೆತ್ತೆ ಹಾಕೋಣ, ಅದಕ್ಕಾಗಿ ಹಿಡಿಯ ಮರವನ್ನು ಒಂದಂಗುಲ ಕೊಯ್ದರಾಯಿತು” ಎಂದರಂತೆ. ಮನೆಯ ಯಜಮಾನರ ಮನಸ್ಸು ಒಪ್ಪಲಿಲ್ಲ. ಅದು ತೀರಿಹೋದ ತಂದೆಯವರ ಕೋವಿ. ಬೆರಳಿನಿಂದೆಳೆಯುವ ಕುದುರೆಯಿಂದ ಬುಡದವರೆಗೆ ಸಾಮಾನ್ಯವಾಗಿ 14ರಿಂದ 15 ಅಂಗುಲವಿರುವ ಅಳತೆ, ಹಿಡಿಯುವವನ ತೋಳಿಗೆ ಹೊಂದಿಸಿದ್ದು. ಮೆತ್ತೆ ಕೆಟ್ಟರೆ ಮತ್ತೊಂದು ದೊರೆತೀತು. ಕೊಯ್ದ ಅಕ್ರೋಟು ಮರ ಮತ್ತೆ ಬೆಳೆಯದು.

1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೋವಿಯ ದುರಸ್ತಿಗೂ ಪರವಾನಗಿ ಬೇಕು. ಆದಕಾರಣ ಕೋವಿ ಪರವಾನಗಿಯುಳ್ಳ ಅಂಗಡಿಯಲ್ಲಿಯೇ ಉಳಿಯಿತು. ಅಲ್ಲಿ ಬಿಚ್ಚಿಕೊಟ್ಟ ಮೆತ್ತೆಯನ್ನಷ್ಟೇ ನಾವೂ ಯಜಮಾನರೂ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರ ಬಳಿಗೆ ಒಯ್ದೆವು. ಅವರದು ಚಪ್ಪಲಿ ಹೊಲಿಯುವ ಕಸುಬು.

ಅವರು ಮೊದಲು ರಬ್ಬರನ್ನು ಒತ್ತಿ ನೋಡಿದರು. “ಇದು ಕಲ್ಲಾಗಿದ್ದರೆ ತೊಗಲು ಹೊದಿಸಿ ಪ್ರಯೋಜನವಿಲ್ಲ ಮಾಷ್ಟ್ರೇ, ಇದಕ್ಕಿನ್ನೂ ಜೀವ ಉಂಟು” ಎಂದರು. ಹಳೆಯ ತೊಗಲನ್ನು ನೀರಿನಿಂದ ಮೆತ್ತಗಾಗಿಸಿ, ಹರಿಯದಂತೆ ಸುಲಿದು, ಅದನ್ನೇ ಮಾದರಿಯಾಗಿಟ್ಟುಕೊಂಡರು. ಒಂದು ಮಿಲಿಮೀಟರಿಗೂ ತೆಳುವಾದ ಆಡಿನ ತೊಗಲನ್ನು ಆರಿಸಿ, ಅಳತೆಗಿಂತ ಅಗಲವಾಗಿ ಕತ್ತರಿಸಿ, ಅಂಚನ್ನು ರಂಪಿಗೆಯಿಂದ ಕಾಗದದಷ್ಟು ತೆಳ್ಳಗೆ ಹೆರೆದರು. ಒದ್ದೆ ಮಾಡಿ ಮೆತ್ತೆಯ ಮೇಲೆಳೆದು, ದಾರದಿಂದ ಬಿಗಿದು, ನೆರಳಿನಲ್ಲಿ ಒಣಗಲು ಬಿಟ್ಟರು. ಮರುದಿನ ಬಿಚ್ಚಿದಾಗ ತೊಗಲು ಮೆತ್ತೆಯ ಆಕಾರವನ್ನೇ ತಾಳಿತ್ತು. ಅನಂತರ ಅಂಟನ್ನು ತೆಳುವಾಗಿ ಸವರಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಬಂದರು. ಮೂಲೆಗಳಲ್ಲಿ ಸುಕ್ಕು ಬೀಳದಂತೆ, ಅಡಿಗೆ ಮಡಿಸುವ ಭಾಗದಲ್ಲಿ ಮಾತ್ರ ಸಣ್ಣ ಕಚ್ಚುಗಳನ್ನು ಕೊಯ್ದರು. ತಿರುಪುಮೊಳೆ ಹೋಗುವಲ್ಲಿ ತೂತು ಕೊರೆಯದೆ ಕಿರಿದಾದ ಸೀಳು ಬಿಟ್ಟರು. ಮೊಳೆ ಒಳಗಿಳಿದ ಮೇಲೆ ಸೀಳು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಡೆಗೆ ಕಂದುಬಣ್ಣ, ಮೇಣದ ಹೊಳಪು.

ಅಂಗಡಿಯಲ್ಲಿ ಮೆತ್ತೆಯನ್ನು ಕೂರಿಸಿ ಅಳೆದಾಗ ಹಳೆಯ ಅಳತೆಯೇ ಬಂದಿತು. ಖಾಲಿ ಕೋವಿಯನ್ನು ಯಜಮಾನರು ಭುಜಕ್ಕೇರಿಸಿ ನೋಡಿ, ಏನನ್ನೂ ಹೇಳದೆ ಕೆಳಗಿಳಿಸಿದರು. ಅವರ ಕಣ್ಣು ತೇವವಾಗಿತ್ತು.

ಬಂಧುಗಳೇ, ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯಿದೆ. ಶರಣ ಹರಳಯ್ಯನ ಕಥೆಯನ್ನು ನಾವು ಎಷ್ಟೋ ವರ್ಷ ಗಂಟಲು ಕಟ್ಟುವಂತೆ ಪಾಠ ಹೇಳಿದ್ದೇವೆ. ಆದರೆ ‘ರಂಪಿಗೆ’ ಎಂಬ ಮಾತನ್ನು ನಿಘಂಟಿನಲ್ಲಿ ಕಂಡಿದ್ದೆವೇ ಹೊರತು ಆ ಆಯುಧವನ್ನು ಕಣ್ಣಿನಿಂದ ಕಂಡದ್ದು ಆ ಜಗುಲಿಯ ಮೇಲೆ. ಹಿಂದೊಮ್ಮೆ ತರಗತಿಯಲ್ಲಿ ತಂದೆಯ ಕಸುಬೇನೆಂದು ನಾವು ಕೇಳಿದಾಗ ಈ ಹಿರಿಯರ ಮಗ ತಲೆತಗ್ಗಿಸಿದ್ದ. ನಾವು ಸುಮ್ಮನೆ ಮುಂದಿನ ಹುಡುಗನನ್ನು ಕೇಳಿದ್ದೆವು. ಅಂದು ಒಂದು ಮಾತನ್ನಾಡಿ ಅವನ ತಲೆಯನ್ನೆತ್ತಿಸಬೇಕಾಗಿತ್ತು. ಇಂದು ಅವನು ಬೇರೆ ಊರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ; ಅದು ಅವನ ಹಕ್ಕು. ಆದರೆ ತಂದೆಯ ಕೈಯ ಹದವನ್ನು ಕಲಿಯಲು ಬೇರೆ ಯಾರೂ ಬಂದಿಲ್ಲ.

ಕೆಟ್ಟುದನ್ನು ಕೊಯ್ದೆಸೆಯುವುದು ಸುಲಭ. ಕೆಟ್ಟಷ್ಟನ್ನೇ ತೆಗೆದು ಉಳಿದುದನ್ನು ಉಳಿಸುವುದು ವಿದ್ಯೆ. ಆ ವಿದ್ಯೆಯನ್ನು ಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ತಾವು ಮಕ್ಕಳನ್ನು ಒಂದು ದಿನವಾದರೂ ಅವರ ಜಗುಲಿಗೆ ಕರೆದೊಯ್ದು, ಗೌರವದಿಂದ ಮಾತನಾಡಿಸಬೇಕೆಂದು ಬೇಡಿಕೊಳ್ಳುತ್ತೇವೆ.