ಮಠದ ಕಟ್ಟಡ, ಕರಾರು ಪತ್ರ ಮತ್ತು ನಾನು ನುಂಗಿದ ಮಾತು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಯಕದ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಕಾಯಕದ ತತ್ವ ಹೇಳುವಷ್ಟು ಓದು ನನ್ನದಲ್ಲ. ನಾನು 31 ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವನು. ನಿವೃತ್ತನಾದ ಮೇಲೆ ನಮ್ಮ ಭಾಗದ ಒಂದು ಮಠದ ಕಟ್ಟಡ ಸಮಿತಿಗೆ ಸೇರಿದೆ. ಹಾಗಾಗಿ ಇವತ್ತು ನಾನು ಮಾತಾಡುವುದು ಒಂದು ಕರಾರು ಪತ್ರದ ಬಗ್ಗೆ. ಅಳತೆ ಪುಸ್ತಕ, ದರಪಟ್ಟಿ, ನಕ್ಷೆ ಇವೆಲ್ಲ ಬರುತ್ತವೆ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮಠಗಳು ಶಾಲೆ ಕಟ್ಟುತ್ತಿವೆ, ಪ್ರಸಾದ ನಿಲಯ ಕಟ್ಟುತ್ತಿವೆ, ಇಲ್ಲಿ ಕುಳಿತವರಲ್ಲೇ ಹತ್ತು ಜನರಾದರೂ ಯಾವುದಾದರೂ ಕಟ್ಟಡ ಸಮಿತಿಯಲ್ಲಿ ಇದ್ದೀರಿ.

ಆ ಮಠದಲ್ಲಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನಿಲಯ, ಜೊತೆಗೆ 80 ಅಡಿ ಉದ್ದ 30 ಅಡಿ ಅಗಲದ ದಾಸೋಹ ಸಭಾಂಗಣ ಕಟ್ಟುವುದೆಂದು ಠರಾವು ಆಯಿತು. ಕರಾರು ಪತ್ರ ಬರೆದವನು ನಾನೇ. ಇಲಾಖೆಯ ನಮೂನೆ ನನ್ನ ಹತ್ತಿರ ಇತ್ತು, ಅದನ್ನೇ ಅಲ್ಲಲ್ಲಿ ಕತ್ತರಿಸಿ ಅಂಟಿಸಿದೆ. ಗುತ್ತಿಗೆದಾರ ಅದೇ ಮಠದ ಭಕ್ತ, ಹತ್ತಿರದ ಹಳ್ಳಿಯವನು, ಗೌಂಡಿ ಕೆಲಸದಿಂದ ಮೇಲೆ ಬಂದವನು. ಸಹಿ ಹಾಕುವಾಗ ಪತ್ರ ಓದಲೇ ಇಲ್ಲ. "ಅಜ್ಜಾರ ಕೆಲಸ ಐತ್ರಿ, ಓದೋದೇನೈತಿ" ಅಂದ. ಆಗ ಎಲ್ಲರಿಗೂ ಆ ಮಾತು ಬಹಳ ಚೆಂದ ಕಂಡಿತು. ನನಗೂ.

ಮೊದಲ ತಕರಾರು ಪಾಯದಲ್ಲೇ ಬಂತು. ನಕ್ಷೆಯಲ್ಲಿ ಪಾಯದ ಆಳ 5 ಅಡಿ. ಜಾಗ ಎರಿ ಭೂಮಿ. ನಿಮಗೆ ಗೊತ್ತಿದೆ, ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಕೂಡಿಸಿದ ಗೋಡೆ ನಿಲ್ಲುವುದಿಲ್ಲ. ಅಗೆದಾಗ ಗಟ್ಟಿ ಗರಸು ಸಿಕ್ಕಿದ್ದು 9 ಅಡಿಗೆ. ಪತ್ರದ ಸಾಮಾನ್ಯ ಷರತ್ತಿನಲ್ಲಿ "ಗಟ್ಟಿ ನೆಲ ಸಿಗುವವರೆಗೆ ಅಗೆಯತಕ್ಕದ್ದು" ಎಂದು ಬರೆದಿತ್ತು. ದರಪಟ್ಟಿಯಲ್ಲಿ ಅಗೆತದ ಬಾಬಿನ ವಿವರಣೆ "1.5 ಮೀಟರ್ ಆಳದವರೆಗೆ" ಎಂದಿತ್ತು. ಸಮಿತಿಯ ಹಿರಿಯರೊಬ್ಬರು ಸಾಮಾನ್ಯ ಷರತ್ತನ್ನು ತೋರಿಸಿ, ಎಷ್ಟೇ ಆಳ ಹೋದರೂ ಅದೇ ದರ ಅಂದರು. ಗುತ್ತಿಗೆದಾರ, ಐದಡಿ ಕೆಳಗಿಂದ ಮಣ್ಣು ಎತ್ತಿ ಹಾಕೋದು ಬ್ಯಾರೆ ಕೂಲಿರೀ ಅಂದ.

ಎರಡೂ ಮಾತು ಪತ್ರದಲ್ಲೇ ಇವೆ. ಯಾವುದು ನಡೆಯಬೇಕು? ಇಂಥ ಹೊತ್ತಿಗೆಂದೇ ಒಳ್ಳೆಯ ಕರಾರಿನಲ್ಲಿ ಒಂದು ಅನುಕ್ರಮ ಬರೆದಿರುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಷರತ್ತುಗಳಲ್ಲಿ ಅದು ಹೀಗಿದೆ: ಮೊದಲು ದರಪಟ್ಟಿಯ ಬಾಬಿನ ವಿವರಣೆ, ಆಮೇಲೆ ಆ ಕೆಲಸಕ್ಕೆಂದೇ ಬರೆದ ವಿಶೇಷ ಷರತ್ತು, ಆಮೇಲೆ ನಕ್ಷೆ, ಆಮೇಲೆ ಇಲಾಖೆಯ ಸಾಮಾನ್ಯ ನಿರ್ದಿಷ್ಟತೆ, ಕೊನೆಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. ಸಂಹಿತೆ. ಪುಣ್ಯಕ್ಕೆ ನಾನು ಅಂಟಿಸಿದ ಹಾಳೆಗಳಲ್ಲಿ ಇದೂ ಇತ್ತು. ಅದರ ಪ್ರಕಾರ ಬಾಬಿನ ವಿವರಣೆಯೇ ಮೇಲು. ಮಣ್ಣಿನ ಕೆಲಸದ ಅಳತೆಗೆ ಐ.ಎಸ್. 1200ರಲ್ಲಿಯೂ 1.5 ಮೀಟರಿನ ಹಂತ ಹಂತವಾಗಿಯೇ ಎತ್ತುವಿಕೆಯನ್ನು ಲೆಕ್ಕ ಹಿಡಿಯುತ್ತಾರೆ. ಹಾಗಾದರೆ ಸಾಮಾನ್ಯ ಷರತ್ತು ಸುಳ್ಳೇ? ಅಲ್ಲ. ಎಲ್ಲಿಯವರೆಗೆ ಅಗೆಯಬೇಕು ಎಂಬುದನ್ನು ಅದು ಹೇಳುತ್ತದೆ, ಯಾವ ದರಕ್ಕೆ ಎಂಬುದನ್ನು ದರಪಟ್ಟಿ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಜಗಳವೇ ಇಲ್ಲ. ಕರಾರಿನಲ್ಲಿ ನಮಗೆ ಬೇಕಾದ ಒಂದು ಸಾಲು ಹಿಡಿದು ಉಳಿದದ್ದನ್ನು ಬಿಡುವುದು ಸುಲಭ. ಪತ್ರ ಬರೆದವರು ನಾವು. ಅರ್ಥ ಅಸ್ಪಷ್ಟವಾಗಿದ್ದರೆ ಬರೆದವನಿಗೆ ವಿರುದ್ಧವಾಗಿ ಓದಬೇಕೆಂಬ ಹಳೆಯ ನಿಯಮವೂ ಕಾನೂನಿನಲ್ಲಿ ಇದೆ.

ಆ ದಿನ ನಾನು ಇದನ್ನೆಲ್ಲ ಹೇಳಿದೆ, ಸಮಿತಿ ಒಪ್ಪಿತು. ಹೆಚ್ಚಿನ ಆಳಕ್ಕೆ ಹೆಚ್ಚುವರಿ ದರ ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ಅಲ್ಲಿಗೆ ಮುಗಿದಿದ್ದರೆ ಈ ಉಪನ್ಯಾಸದ ಅವಶ್ಯಕತೆ ಇರಲಿಲ್ಲ.

ಗೋಡೆ ಏಳುತ್ತಿದ್ದಾಗ ಒಂದು ಸಂಜೆ ಪೂಜ್ಯ ಅಜ್ಜಾರು ಕಟ್ಟಡಕ್ಕೆ ಬಂದರು. ಸಭಾಂಗಣದ ಛಾವಣಿ 11 ಅಡಿಗೆ ಇತ್ತು. "ಇನ್ನೂರು ಮಕ್ಕಳು ಕುಂತು ಪ್ರಸಾದ ಮಾಡೋ ಜಾಗ, ಉಸಿರುಗಟ್ಟತೈತಿ. ಸ್ವಲ್ಪ ಏರಿಸ್ರಿ, ಹದಿನಾಲ್ಕು ಅಡಿ ಮಾಡ್ರಿ" ಅಂದರು. ನ್ಯಾಯವಾದ ಮಾತು. ಗುತ್ತಿಗೆದಾರ ಕೈಮುಗಿದ. ಸಮಿತಿಯವರು ಮೂವರಿದ್ದೆವು, ನಾವೂ ಕೈಮುಗಿದೆವು. ಅದಕ್ಕೆ ಖರ್ಚು ಎಷ್ಟು ಎಂದು ಯಾರೂ ಕೇಳಲಿಲ್ಲ. ಅಜ್ಜಾರ ಮಾತಿಗೆ ಬೆಲೆ ಕೇಳುವುದು ಹೇಗೆ?

ಮೂರಡಿ ಅಂದರೆ ಸಣ್ಣದೆನ್ನಿಸುತ್ತದೆ. ಸುತ್ತ 220 ಅಡಿ ಗೋಡೆ ಮೂರಡಿ ಏರಬೇಕು, ಎರಡೂ ಬದಿಗೆ ಗಿಲಾಯ ಆಗಬೇಕು, ಕಾಲಂ ಉದ್ದವಾಗಬೇಕು. ಕಾಲಂ ಉದ್ದವಾದರೆ ಅದರ ಬಲದ ಲೆಕ್ಕವೇ ಬೇರೆ. ಸೆಂಟ್ರಿಂಗಿನ ದರ ನಮ್ಮ ಪಟ್ಟಿಯಲ್ಲಿ 3.5 ಮೀಟರ್ ಎತ್ತರದವರೆಗೆ ಮಾತ್ರ. 11 ಅಡಿ ಅಂದರೆ 3.35 ಮೀಟರ್, ಅದರೊಳಗೇ ಇತ್ತು. 14 ಅಡಿ ಅಂದರೆ 4.27 ಮೀಟರ್, ಅದನ್ನು ದಾಟಿತು. ನಾನು ಮರುದಿನವೇ ವಿನ್ಯಾಸ ಮಾಡಿದ ಇಂಜಿನಿಯರ ಹತ್ತಿರ ಹೋದೆ. ಅವರು ಮೂಲೆಯ ಕಾಲಂಗಳಿಗೆ 16 ಮಿಲಿಮೀಟರಿನ ಬದಲು 20 ಮಿಲಿಮೀಟರ್ ಕಬ್ಬಿಣ ಹಾಕಿಸಿ ಹೊಸ ನಕ್ಷೆ ಕೊಟ್ಟರು. ನಾನು ಅದರ ಮೇಲೆ ಸಹಿ ಮಾಡಿ, ತಾರೀಖು ಹಾಕಿ, ಒಂದು ಪ್ರತಿ ಗುತ್ತಿಗೆದಾರನಿಗೆ ಕೊಟ್ಟು ಇನ್ನೊಂದನ್ನು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಈ ಪ್ರತಿಯನ್ನು ನೆನಪಿಡಿ.

ಕೆಲಸ ಮುಗಿಯಿತು. ಎತ್ತರದ ಬಾಬಿಗೆಂದು ಗುತ್ತಿಗೆದಾರ 3 ಲಕ್ಷ 10 ಸಾವಿರ ರೂಪಾಯಿಯ ಬಿಲ್ಲು ಕೊಟ್ಟ. ಅಷ್ಟರಲ್ಲಿ ಮಠದ ದೇಣಿಗೆ ಹಣ ಖಾಲಿಯಾಗಿತ್ತು. ಸಭೆಯಲ್ಲಿ ಅದೇ ಹಿರಿಯರು ಕರಾರಿನ ಒಂದು ಕಲಮು ಓದಿದರು: "ಇಂಜಿನಿಯರರ ಲಿಖಿತ ಆದೇಶವಿಲ್ಲದೆ ಮಾಡಿದ ಹೆಚ್ಚುವರಿ ಕೆಲಸಕ್ಕೆ ಹಣ ಪಾವತಿ ಇರುವುದಿಲ್ಲ." ಓದಿ ನನ್ನ ಕಡೆ ನೋಡಿ, "ನೀವು ಲಿಖಿತ ಆದೇಶ ಕೊಟ್ಟೀರೇನ್ರಿ?" ಅಂತ ಕೇಳಿದರು.

ಆದೇಶವೆಂದು ತಲೆಬರಹ ಹಾಕಿದ ಕಾಗದ ನಾನು ಕೊಟ್ಟಿರಲಿಲ್ಲ. ಆದರೆ ಸಹಿ ಮಾಡಿ ಕೊಟ್ಟ ನಕ್ಷೆ ಲಿಖಿತ ಆದೇಶವಲ್ಲದೆ ಮತ್ತೇನು? ಇಲಾಖೆಯಲ್ಲಿ ಇಷ್ಟು ವರ್ಷ ನಾನೇ ಹಾಗೆ ಓದಿಕೊಂಡು ಬಂದಿದ್ದೆ. ನಕ್ಷೆ ನನ್ನ ಚೀಲದಲ್ಲೇ ಇತ್ತು, ಚೀಲ ಕುರ್ಚಿಯ ಪಕ್ಕದಲ್ಲೇ ಇತ್ತು. ನಾನು "ಆದೇಶ ಪತ್ರ ಅಂತ ಕೊಟ್ಟಿಲ್ಲರಿ" ಅಂದೆ. ಅಕ್ಷರಶಃ ಅದು ಸುಳ್ಳಲ್ಲ. ಖರ್ಚು ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳುತ್ತಾರೆಂಬ ಹೆದರಿಕೆ ನನ್ನದು. ಯಾರೋ ಒಬ್ಬರು, "ಭಕ್ತ ಅದಾನ, ಸೇವಾ ಅಂತ ತಿಳೀಲಿ ಬಿಡ್ರಿ" ಅಂದರು. ಬಿಲ್ಲು ಬದಿಗೆ ಸರಿಯಿತು. ಈ ಸಭೆಯ ವಿಷಯ ಅಜ್ಜಾರ ತನಕ ಹೋಗಲೇ ಇಲ್ಲ.

ಎಂಟು ತಿಂಗಳು ಹಾಗೇ ಹೋಯಿತು. ಗುತ್ತಿಗೆದಾರ ಕೋರ್ಟಿಗೆ ಹೋಗಲಿಲ್ಲ, ಮಠದ ಮೇಲೆ ಹೇಗೆ ಹೋದಾನು? ಕಾಂಕ್ರೀಟು ಕಲಸುವ ಮಿಕ್ಸರ್ ಯಂತ್ರ ಮಾರಿದ. ಕೆಲವು ಕೂಲಿ ಆಮೇಲೂ ಬಾಕಿ ಉಳಿಯಿತು. ಒಂದು ದಿನ ಸಂತೆಯಲ್ಲಿ ಆ ಕಟ್ಟಡಕ್ಕೆ ಕಾಂಕ್ರೀಟು ಹೊತ್ತ ಹೆಣ್ಣುಮಗಳೊಬ್ಬಳು ನನ್ನನ್ನು ನಿಲ್ಲಿಸಿದಳು. ಸಿಟ್ಟಿಲ್ಲದೆ ಕೇಳಿದಳು: "ಸಾಹೇಬ್ರ, ಹಾಳ್ಯಾಗ ಬರದಿಲ್ಲಂತ ರೊಕ್ಕ ಕೊಡಂಗಿಲ್ಲಂತ. ಆ ಹದಿನಾಲ್ಕು ಅಡಿ ಮ್ಯಾಲ ನಾವು ಬುಟ್ಟಿ ಏರಿಸಿದ್ದು ನೀವು ನಿಂತು ನೋಡೀರಲ್ರಿ?"

ನೋಡಿದ್ದೆ. ಸ್ಲ್ಯಾಬು ಹಾಕಿದ ದಿನ ಬೆಳಗಿನಿಂದ ಸಂಜೆತನಕ ಅಲ್ಲೇ ನಿಂತಿದ್ದೆ.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮಠದ ಸಮಿತಿಗಳಲ್ಲಿ "ಕಾನೂನು ನಮ್ಮ ಕಡೆ ಐತಿ" ಎಂಬ ಧೈರ್ಯ ಬಹಳ. 1872ರ ಭಾರತೀಯ ಕರಾರು ಕಾಯ್ದೆಯ 62ನೆಯ ಕಲಮಿನಂತೆ ಕರಾರನ್ನು ಬದಲಿಸಬೇಕಾದರೆ ಎರಡೂ ಪಕ್ಷ ಒಪ್ಪಬೇಕು. ಹಾಗೆ ಬದಲಿಸಿದ ಮೇಲೆ ಹಳೆಯದನ್ನು ಹಿಡಿದು ಕೂಡುವಂತಿಲ್ಲ. 70ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ: ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಇನ್ನೊಬ್ಬನಿಗೆ ನ್ಯಾಯವಾಗಿ ಕೆಲಸ ಮಾಡಿಕೊಟ್ಟು, ಆ ಇನ್ನೊಬ್ಬನು ಅದರ ಲಾಭ ಉಂಡರೆ, ಅವನು ಪರಿಹಾರ ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಮೊಕದ್ದಮೆಯಲ್ಲಿ ಅಧಿಕಾರಿಗಳು ಹೇಳಿದರೆಂದು ಗುತ್ತಿಗೆದಾರರು ಕಟ್ಟಡ ಕೆಲಸ ಮಾಡಿದ್ದರು, ಕಾನೂನಿಗೆ ತಕ್ಕ ಕರಾರು ಇರಲಿಲ್ಲ. ಆದರೂ ಸರ್ಕಾರ ಹಣ ಕೊಡಬೇಕೆಂದು ಸುಪ್ರೀಂ ಕೋರ್ಟು ಇದೇ 70ನೆಯ ಕಲಮಿನ ಮೇಲೆ ಹೇಳಿತು. 1962ರ ಕಾನೂನು ವರದಿಗಳಲ್ಲಿ ಅದು ಇದೆ. ನಮ್ಮಲ್ಲಿ ಕರಾರು ಇತ್ತು, ಆದ್ದರಿಂದ ಆ ತೀರ್ಪು ಹಾಗೆಹಾಗೇ ಹೊಂದುವುದಿಲ್ಲ ಎಂದು ವಕೀಲರು ವಾದಿಸಬಹುದು. ವಾದಿಸಲಿ. ಮಠ ಆ ವಾದ ಮಾಡಬೇಕೇ ಎಂಬುದು ನನ್ನ ಪ್ರಶ್ನೆ.

ಕೂಲಿಯವನ ಬೆವರನ್ನು ಅವನನ್ನು ಕೇಳದೆ ಸೇವೆ ಎಂದು ಬರೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ದಾಸೋಹ ಮಾಡುವವನು ತನ್ನ ಕಾಯಕದಿಂದ ಬಂದದ್ದನ್ನು ಕೊಡಬೇಕು. ಇನ್ನೊಬ್ಬನ ಕೂಲಿ ಹಿಡಿದುಕೊಂಡು ಮಾಡಿದ್ದನ್ನು ಏನೆನ್ನಬೇಕೋ ನೀವೇ ಹೇಳಿ.

ಮುಂದಿನ ಸಭೆಗೆ ನಾನು ಆ ನಕ್ಷೆ ಒಯ್ದು ಮೇಜಿನ ಮೇಲೆ ಇಟ್ಟೆ. ಎಂಟು ತಿಂಗಳ ಹಿಂದೆ ಇದು ನನ್ನ ಚೀಲದಲ್ಲಿತ್ತು, ನಾನು ತೆಗೆಯಲಿಲ್ಲ ಎಂದೆ. ಆ ಸಭೆಗೆ ಅಜ್ಜಾರನ್ನೂ ಕರೆತಂದಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಏರಿಸ್ರಿ ಅಂದಾಂವ ನಾನ. ರೊಕ್ಕ ಆಗತೈತಿ ಅಂತ ಒಬ್ರರ ಹೇಳಬೇಕಿತ್ತಲ್ರಿ" ಅಂದರು. ಅಷ್ಟೇ ಅಂದದ್ದು. ನನಗೆ ಅದು ಸಾಕಾಯಿತು.

ಅಳತೆ ಮತ್ತೆ ಮಾಡಿದೆವು. ಇಲ್ಲಿ ಒಂದು ಮಾತು ಹೇಳದಿದ್ದರೆ ನಾನು ಗುತ್ತಿಗೆದಾರನ ಪರ ವಕಾಲತ್ತು ಮಾಡಿದಂತೆ ಆಗುತ್ತದೆ. ಅವನ ಬಿಲ್ಲೂ ಸರಿ ಇರಲಿಲ್ಲ. 3.5 ಮೀಟರ್ ಮೇಲಿನ ಪ್ರತಿ ಮೀಟರಿಗೆ ಅಥವಾ ಅದರ ಭಾಗಕ್ಕೆ ಸೆಂಟ್ರಿಂಗಿನ ಹೆಚ್ಚುವರಿ ದರ. ನಮ್ಮದು ಮುಕ್ಕಾಲು ಮೀಟರ್ ಹೆಚ್ಚು, ಅಂದರೆ ಒಂದು ಮೀಟರಿನ ಲೆಕ್ಕ. ಅವನು ಎರಡು ಮೀಟರ್ ಹಾಕಿದ್ದ. ಏರಿಸಿದ ಗೋಡೆಯಲ್ಲಿ 4 ಅಡಿಗೆ 2 ಅಡಿಯ ಗವಾಕ್ಷಿಗಳಿದ್ದವು. ಗಿಲಾಯದ ಅಳತೆಯಲ್ಲಿ ಅವನು ಅವನ್ನು ಕಳೆದೇ ಇರಲಿಲ್ಲ. ನಮ್ಮ ಹಿರಿಯರು ಎರಡೂ ಬದಿಗೆ ಕಳೆಯಿರಿ ಅಂದರು. ಇಬ್ಬರದೂ ತಪ್ಪು. ಅರ್ಧ ಚದರ ಮೀಟರಿಗಿಂತ ಹೆಚ್ಚು, ಮೂರು ಚದರ ಮೀಟರಿಗಿಂತ ಕಡಿಮೆ ಇರುವ ಕಿಂಡಿಗೆ, ಎರಡೂ ಬದಿ ಒಂದೇ ಬಗೆಯ ಗಿಲಾಯ ಇದ್ದಾಗ, ಒಂದು ಬದಿ ಮಾತ್ರ ಕಳೆಯಬೇಕೆಂದು ಐ.ಎಸ್. 1200 ಹೇಳುತ್ತದೆ. ಹೀಗೆಲ್ಲ ಕಳೆದು ಕೂಡಿದಾಗ ನಿಂತದ್ದು 2 ಲಕ್ಷ 36 ಸಾವಿರ. ಆಯ್ದಕ್ಕಿ ಮಾರಯ್ಯ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಹೆಚ್ಚು ತರಬಾರದೆಂದು ಅದನ್ನು ಗುತ್ತಿಗೆದಾರನಿಗೆ ಹೇಳುತ್ತೇವೆ. ಕಡಿಮೆ ಕೊಡಬಾರದೆಂದು ನಮಗೆ ನಾವು ಹೇಳಿಕೊಳ್ಳುವುದನ್ನು ಮರೆಯುತ್ತೇವೆ.

ಹಣ ಎರಡು ಕಂತಿನಲ್ಲಿ ಕೊಟ್ಟೆವು. ಮೊದಲ ಕಂತು ಕೂಲಿ ಬಾಕಿಗೆ ಹೋಗಬೇಕೆಂದು ಅಜ್ಜಾರು ಹೇಳಿದರು, ಮೇಸ್ತ್ರಿಯ ಎದುರಿನಲ್ಲೇ ಹಂಚಿದೆವು. ಮಿಕ್ಸರ್ ಯಂತ್ರ ತಿರುಗಿ ಬರಲಿಲ್ಲ. ಗುತ್ತಿಗೆದಾರ ಈಗಲೂ ಮಠಕ್ಕೆ ಬರುತ್ತಾನೆ, ಪ್ರಸಾದ ಮಾಡುತ್ತಾನೆ, ನನಗೆ ಶರಣು ಅನ್ನುತ್ತಾನೆ. ಮಠದ ಕೆಲಸ ಮಾತ್ರ ಹಿಡಿಯುವುದಿಲ್ಲ.

ಆಮೇಲೆ ನಾವು ಒಂದು ಆದೇಶ ಪುಸ್ತಕ ಇಟ್ಟೆವು. ಕಾರ್ಬನ್ ಹಾಕಿ ಮೂರು ಪ್ರತಿ. ಬದಲಾವಣೆ ಯಾರೇ ಹೇಳಲಿ, ಅಜ್ಜಾರೇ ಹೇಳಲಿ, ಅದು ಆ ಪುಸ್ತಕಕ್ಕೆ ಬರಬೇಕು. ಏನು ಬದಲು, ಯಾವ ನಕ್ಷೆ, ದರ ಪಟ್ಟಿಯಲ್ಲಿದೆಯೋ ಹೊಸದೋ, ಎಷ್ಟು ರೂಪಾಯಿ, ಎಷ್ಟು ದಿನ ಹೆಚ್ಚು, ಇದು ಐದು ಸಾಲಿನಲ್ಲಿ ಮುಗಿಯುತ್ತದೆ. ತುರ್ತು ಇದ್ದರೆ ಬಾಯಿಮಾತಿನಲ್ಲಿ ಕೆಲಸ ಶುರು ಮಾಡಬಹುದು, ಎರಡು ದಿನದೊಳಗೆ ಬರೆಯಬೇಕು. ಮೂಲ ಪತ್ರದ ಮೇಲೆ ಬಿಳಿ ಶಾಯಿ ಬಳಿದು ತಿದ್ದುವಂತಿಲ್ಲ. ಹೊಡೆದ ಸಾಲು ಕಾಣುವಂತೆ ಇದ್ದು ಪಕ್ಕದಲ್ಲಿ ಇಬ್ಬರ ಸಹಿ ಇರಬೇಕು. ಸಹಿ ಹಾಕುವ ಮೊದಲು ಕರಾರನ್ನು ಗುತ್ತಿಗೆದಾರನಿಗೆ ಕನ್ನಡದಲ್ಲಿ ಓದಿ ಹೇಳುತ್ತೇವೆ. "ಬ್ಯಾಡ್ರಿ, ನಂಬಿಕಿ ಐತಿ" ಅಂದರೂ ಓದುತ್ತೇವೆ. ಅದಕ್ಕೆ ಎರಡು ತಾಸು ಹಿಡಿಯುತ್ತದೆ, ನಡುವೆ ಚಹಾ ಕೊಡುತ್ತೇವೆ.

ಈಗ ಹೆಣ್ಣುಮಕ್ಕಳ ವಸತಿ ನಿಲಯದ ಕೆಲಸ ನಡೆದಿದೆ. ಪುಸ್ತಕದ ಮೊದಲ ಪುಟ ಅಜ್ಜಾರದೇ. ಬಾಗಿಲ ಮುಂದಿನ ಮೆಟ್ಟಿಲು ಎತ್ತರವಾಯಿತು, ಮಕ್ಕಳನ್ನು ನೋಡಲು ಬರುವ ಮುದುಕಿಯರು ಏರಲಾರರು, ಎರಡರ ಬದಲು ಮೂರು ಮಾಡಿ ಎಂದು ತಾವೇ ಬರೆಸಿದರು. ಪಕ್ಕದಲ್ಲಿ ಹೊಸ ಗುತ್ತಿಗೆದಾರ 1,850 ರೂಪಾಯಿ ಎಂದು ಬರೆದ. ಅಜ್ಜಾರು ಕನ್ನಡಕ ಏರಿಸಿ ಮೊತ್ತ ನೋಡಿದರು, ಲೆಕ್ಕ ಹೇಗೆಂದು ನನ್ನನ್ನು ಕೇಳಿದರು, ಕೇಳಿ ಸಹಿ ಹಾಕಿದರು.